ಯಶೋಧಾ ಹೆಸರಿನ ಬೂತು

ಹಾಲಿನ ಬೂತು ಇದ್ದದ್ದು ಯಶೋಧಾಳ ಹೆಸರಿನಲ್ಲಿ. ಆದರೆ ಒಂಬತ್ತು ವರ್ಷಗಳಲ್ಲಿ ಅವಳು ಅದರೊಳಗೆ ಕಾಲಿಟ್ಟದ್ದು ಒಂದೇ ಸಲ, ಶುರುವಾದ ದಿನದ ಪೂಜೆಗೆ. ಆಗ ಅವಳ ತಂದೆ ವೆಂಕಟಸ್ವಾಮಿ ಇನ್ನೂ ಬದುಕಿದ್ದರು. ಅಂಗವಿಕಲರ ಕೋಟಾದಲ್ಲಿ ಮಗಳಿಗೊಂದು ಬೂತು ಸಿಗಲೆಂದು ಕಚೇರಿಯಿಂದ ಕಚೇರಿಗೆ ಅಲೆದವರು ಅವರೇ. ಬಾಗಿಲಿಗೆ ಎತ್ತರದ ಎರಡು ಮೆಟ್ಟಿಲು ಕಟ್ಟಿದ್ದನ್ನು ನೋಡಿ, "ಇವಳಿಗೇ ಅಂತ ಕೊಟ್ಬುಟ್ಟು ಇವಳು ಅತ್ತಕ್ಕಾಗ್ದಿರೋ ಮೆಟ್ಲು ಮಾಡವ್ರಲ್ಲ" ಎಂದು ನಕ್ಕಿದ್ದರು. ತಮ್ಮ ಮನೋಹರ ಅವಳ ರಟ್ಟೆ ಹಿಡಿದು ಹತ್ತಿಸಿದ. ಮೊದಲ ಪ್ಯಾಕೆಟ್ಟನ್ನು ಯಶೋಧಾ ತಂದೆಗೇ ಮಾರಿದಳು. ಆಮೇಲೆ ಅವಳನ್ನು ಆಟೋದಲ್ಲಿ ಕೂರಿಸಿ ಪುಟ್ಟೇನಹಳ್ಳಿಯ ಮನೆಗೆ ಕಳಿಸಿದರು. ಮಾರನೆಯ ದಿನದಿಂದ ಬೂತಿನಲ್ಲಿ ಮನೋಹರ ಕೂತ.

ಅದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ, ಯಶೋಧಾಳಿಗೂ. ಮೂರು ವರ್ಷದವಳಿದ್ದಾಗ ಪೋಲಿಯೋ ಬಂದು ಅವಳ ಎಡಗಾಲು ಸೊರಗಿಹೋಗಿತ್ತು. ಎಡತೊಡೆಯ ಮೇಲೆ ಅಂಗೈ ಊರಿ, ಬಗ್ಗಿ ಬಗ್ಗಿ ನಡೆಯುತ್ತಿದ್ದಳು. ಈಗ ನಲವತ್ತರ ಹತ್ತಿರ. ತಂದೆ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ತಾಯಿ ರಾಮಲಕ್ಷ್ಮಮ್ಮ, ಮನೋಹರ, ಅವನ ಹೆಂಡತಿ ಚಂದ್ರಕಲಾ, ಪಿಯುಸಿ ಓದುವ ಮಗಳು ಧನುಶ್ರೀ. ಚಂದ್ರಕಲಾ ಸಹಕಾರನಗರದ ಒಂದು ಶಾಲೆಯಲ್ಲಿ ಆಯಾ ಕೆಲಸಕ್ಕೆ ಹೋಗುತ್ತಿದ್ದಳು. ಹೀಗಾಗಿ ಬೆಳಗಿನ ತಿಂಡಿ, ಡಬ್ಬಿಗಳು, ಮಧ್ಯಾಹ್ನದ ಮುದ್ದೆ ಸಾರು, ಎಲ್ಲ ಯಶೋಧಾಳದೇ. ಒಲೆಯ ಮುಂದೆ ಎತ್ತರದ ಸ್ಟೂಲು ಹಾಕಿಕೊಂಡು ಕೂತಳೆಂದರೆ ಎಲ್ಲರೂ ಮನೆ ಬಿಡುವವರೆಗೆ ಏಳುತ್ತಿರಲಿಲ್ಲ.

ಅವರೆಕಾಯಿ ಕಾಲ ಶುರುವಾದಾಗ ಒಂದು ಸಂಜೆ ಮನೋಹರ ಬೂತಿನಿಂದ ಬೇಗ ಬಂದ. ಊಟಕ್ಕೆ ಕೂತವನು ಮುದ್ದೆಯನ್ನು ಮುರಿಯದೆ ಹಾಗೇ ಇಟ್ಟುಕೊಂಡಿದ್ದ.

"ಅಕ್ಕ, ನಾಳೆಯಿಂದ ಸ್ವಲ್ಪ ದಿವ್ಸ ನೀನು ಬೂತಿಗೆ ಬರ್ಬೇಕಾಗುತ್ತೆ."

"ಯಾಕೋ?"

"ಇವತ್ತು ಆಫೀಸಿಂದ ಬಂದಿದ್ರು. ಸಂಗಮೇಶ ಅಂತ, ಹೊಸಬ್ರು. ಯಾರ ಹೆಸರಲ್ಲಿದೆಯೋ ಅವರೇ ಕೂತಿರ್ಬೇಕು, ಇಲ್ದಿದ್ರೆ ಕ್ಯಾನ್ಸಲ್ ಮಾಡ್ತೀವಿ ಅಂದ್ರು. ಇವತ್ತು ಆಸ್ಪತ್ರೆಗೆ ಹೋಗವ್ಳೆ ಅಂತ ಹೇಳಿ ತಪ್ಪಿಸ್ಕೊಂಡೆ. ಇನ್ನೊಂದ್ಸಲ ಬರ್ತಾರಂತೆ, ಯಾವತ್ತು ಅಂತ ಹೇಳಲ್ವಂತೆ."

"ಈ ಚಳೀಲಿ ಅವಳ್ನೆಲ್ಲಿಗೋ ಎಳ್ಕೊಂಡೋಯ್ತೀಯ?" ಎಂದರು ರಾಮಲಕ್ಷ್ಮಮ್ಮ.

"ಅವರು ಬಂದು ನೋಡ್ಕೊಂಡು ಹೋಗೋವರ್ಗೂ ಅಷ್ಟೆ ಅಮ್ಮ."

"ಹಂಗಾದ್ರೆ ಬೆಳಿಗ್ಗೆ ಅಡಿಗೆ?" ಎಂದು ಚಂದ್ರಕಲಾ ಕೇಳಿದಳು. ಯಶೋಧಾ ತಲೆ ತಗ್ಗಿಸಿಕೊಂಡು "ಆಗ್ಲಿ ಬಿಡು, ಬರ್ತೀನಿ" ಎಂದಳು. ಮುಖ ಎತ್ತಿದ್ದರೆ ಅದರಲ್ಲಿದ್ದ ಖುಷಿ ಎಲ್ಲರಿಗೂ ತಿಳಿದುಹೋಗುತ್ತಿತ್ತು.

ಮಾರನೆಯ ದಿನ ನಸುಕಿನಲ್ಲಿ ತಮ್ಮನ ಸ್ಕೂಟರಿನ ಹಿಂದೆ ಕೂತು ಹೋದಳು. ಬೂತು ನ್ಯೂಟೌನ್ ಕಡೆಗೆ ತಿರುಗುವ ರಸ್ತೆಯ ಮೂಲೆಯಲ್ಲಿತ್ತು. ಲೋಡಿನ ಗಾಡಿ ಬಂತು. ಮನೋಹರ ಕ್ರೇಟುಗಳನ್ನು ಇಳಿಸಿ ಜೋಡಿಸಿ, ಯಾವುದು ನೀಲಿ ಪ್ಯಾಕೆಟ್, ಯಾವುದು ಹಸಿರು, ಮೊಸರು ಎಲ್ಲಿ, ಚಿಲ್ಲರೆ ಎಲ್ಲಿ ಎಂದು ತೋರಿಸಿದ. "ಸುಮ್ನೆ ಕೂತ್ಕೊ, ಎಲ್ಲಾ ನಾನ್ ನೋಡ್ಕೋತೀನಿ" ಎಂದ. ಆದರೆ ಒಳಗಿದ್ದದ್ದು ಒಬ್ಬರು ಕೂರುವಷ್ಟೇ ಜಾಗ. ಅವನು ನಿಂತರೆ ಅವಳ ಮೊಣಕೈ ಅವನ ಹೊಟ್ಟೆಗೆ ತಾಗುತ್ತಿತ್ತು. ನಾಲ್ಕನೆಯ ದಿನಕ್ಕೆ ಅವನು ಕ್ರೇಟು ಇಳಿಸಿ ಹೊರಟುಬಿಡತೊಡಗಿದ.

ಮೊದಮೊದಲು ನೀಲಿ ಕೇಳಿದವರಿಗೆ ಹಸಿರು ಕೊಟ್ಟಳು. ಓಡುವ ಬೂಟು ಹಾಕಿಕೊಂಡು ಬಂದಿದ್ದವನೊಬ್ಬ "ನೋಡಿ ಕೊಡೀಮ್ಮ, ಬೆಳಿಗ್ಗೆ ಬೆಳಿಗ್ಗೆ" ಎಂದು ಸಿಡುಕಿದ. ಮೊಸರು ಒಂಬತ್ತಕ್ಕೇ ಮುಗಿದುಹೋಗಿ, ಬಂದವರೆಲ್ಲ ಮುಖ ಸಿಂಡರಿಸಿಕೊಂಡು ಹೋದರು. ಮನೆಗೆ ಬಂದು ಹಾಸಿಗೆಯ ಮೇಲೆ ಬಿದ್ದುಕೊಂಡಳು. ಸೊಂಟ ಹಿಡಿದುಕೊಂಡಿತ್ತು. ಆದರೂ ಮರುದಿನ ಅಲಾರಂ ಹೊಡೆಯುವ ಮುಂಚೆಯೇ ಎದ್ದು ತಲೆ ಬಾಚಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು.

ಪಕ್ಕದಲ್ಲಿ ಮುಜಫ್ಫರನ ಟೀ ಅಂಗಡಿ. ಅವನು ಪೇಪರ್ ಕಪ್ಪಿನಲ್ಲಿ ಟೀ ತಂದು ಕಟ್ಟೆಯ ಮೇಲಿಟ್ಟು, "ನೀವೇನಾ ಯಶೋಧಕ್ಕ? ಬೋರ್ಡಲ್ಲಿ ಹೆಸರು ಓದಿದ್ದೆ. ಮನುಷ್ಯರು ಇದಾರೆ ಅಂತ ಗೊತ್ತಿರ್ಲಿಲ್ಲ" ಎಂದ. ಅವಳಿಗೆ ನಗು ಬಂತು. ದಿನ ಕಳೆದಂತೆ ಮುಖಗಳು ಗುರುತಾದವು. ರಾತ್ರಿ ಡ್ಯೂಟಿ ಮುಗಿಸಿ ಕೆಂಪು ಕಣ್ಣಿನಲ್ಲಿ ಬರುವ ನರ್ಸು. ಒಂದೇ ಒಂದು ಮಜ್ಜಿಗೆ ತಗೊಂಡು ಮೂವರು ಹಂಚಿಕೊಳ್ಳುವ ಹಾಸ್ಟೆಲ್ ಹುಡುಗಿಯರು. ಕ್ರೇಟಿನ ತಳಕ್ಕೆ ಕೈ ಹಾಕಿ ಪ್ಯಾಕೆಟ್ ಎಳೆಯುವ ಒಬ್ಬ ಹಿರಿಯರು. ಒಂದು ದಿನ ಅವಳು ಅವರಿಗೆ, "ಮೇಲಿರೋದೂ ಇವತ್ತಿಂದೇ ಕಣ್ರೀ. ಬೇಕಾದ್ರೆ ತಗೊಳ್ಳಿ, ಹಿಂದೆ ಜನ ನಿಂತವ್ರೆ" ಎಂದುಬಿಟ್ಟಳು. ಅವರು ಮೇಲಿನದನ್ನೇ ತಗೊಂಡು ಹೋದರು. ತನಗೆ ಇಂಥದೊಂದು ದನಿ ಇದೆಯೆಂದು ಯಶೋಧಾಳಿಗೆ ಅವತ್ತೇ ತಿಳಿದದ್ದು.

ಮನೆಯಲ್ಲಿ ಮಾತ್ರ ಎಲ್ಲ ಏರುಪೇರಾಯಿತು. ಚಂದ್ರಕಲಾ ಕತ್ತಲಲ್ಲೇ ಎದ್ದು ಚಿತ್ರಾನ್ನ ಕಲೆಸಿ, ಅರ್ಧ ತೊಳೆದ ಪಾತ್ರೆ ಬಿಟ್ಟು ಬಸ್ಸಿಗೆ ಓಡುತ್ತಿದ್ದಳು. ರಾಮಲಕ್ಷ್ಮಮ್ಮ ನೋಯುವ ಭುಜದಲ್ಲೇ ಮುದ್ದೆ ತಿರುವಲು ಹೋಗಿ ಗಂಟು ಗಂಟು ಮಾಡಿದರು. "ಆ ಆಫೀಸ್ನೋನು ಯಾವಾಗ್ ಬಂದು ಸಾಯ್ತಾನೋ" ಎಂದು ದಿನಾ ಗೊಣಗಿದರು. ಬೆಳಗಿನ ಹೊತ್ತು ಮಾಡಲು ಕೆಲಸವಿಲ್ಲದೆ ಮನೋಹರ ಸ್ಕೂಟರನ್ನು ಎರಡೆರಡು ಸಲ ತೊಳೆದ.

ಯಶೋಧಾ ಮಾತ್ರ ಊಟಕ್ಕೆ ಕೂತರೆ ಬಾಯಿ ಮುಚ್ಚುತ್ತಿರಲಿಲ್ಲ. ಇಂದು ಯಾರು ಬಂದರು, ಯಾರು ಏನಂದರು, ಯಾರ ಮನೆಯಲ್ಲಿ ಮಗು ಹುಟ್ಟಿ ಹಾಲು ಜಾಸ್ತಿ ಬೇಕಂತೆ, ಎಲ್ಲ ಹೇಳುತ್ತಿದ್ದಳು.

"ಅತ್ತೆ, ನೀವಿಷ್ಟು ಮಾತಾಡ್ತೀರ ಅಂತ ನನಗೆ ಗೊತ್ತೇ ಇರ್ಲಿಲ್ಲ" ಎಂದಳು ಧನುಶ್ರೀ.

"ಮಾತಾಡಕ್ಕೆ ಏನಿತ್ತೇ? ಬೇಳೆ ಬೆಂತು, ಬೇಯ್ಲಿಲ್ಲ. ಅಷ್ಟೇ ತಾನೆ?"

ದಿನಾ ಬೆಳಿಗ್ಗೆ ಅಂಗಡಿಯ ಮುಂದೆ ಬೈಕು ನಿಂತಾಗಲೆಲ್ಲ ಅವಳು ಕತ್ತು ಚಾಚಿ ನೋಡುತ್ತಿದ್ದಳು. ಸಂಗಮೇಶ ಎಂಬ ಆ ಮನುಷ್ಯ ಇವತ್ತು ಬರದಿರಲಿ ಎಂದುಕೊಳ್ಳುತ್ತಿದ್ದಳು. ಬಾರದಿದ್ದರೆ ನಾಳೆಯೂ ಇಲ್ಲಿ ಕೂರಬಹುದು.

ಅವನು ಬಂದೇ ಬಂದ. ಜನ ಕರಗಿದ್ದ ಹೊತ್ತು. "ನೀವೇನಾ ಯಶೋಧಾ?" ಎಂದು ಕೇಳಿದ. ಹೌದೆಂದಳು. "ಸ್ವಲ್ಪ ಈ ಕಡೆ ನೋಡಿ" ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಒಂದು ಪೇಡ ತಗೊಂಡು, ದುಡ್ಡು ಕೊಟ್ಟು, "ಹೀಗೇ ಕೂತ್ಕೊಳ್ಳಿ, ಚೆನ್ನಾಗಿದೆ" ಎಂದು ಹೇಳಿ ಹೊರಟುಹೋದ. ಎಲ್ಲ ಒಂದು ಟೀ ಆರುವಷ್ಟರಲ್ಲಿ ಮುಗಿದಿತ್ತು.

ಮಧ್ಯಾಹ್ನ ಕರೆದೊಯ್ಯಲು ಬಂದ ಮನೋಹರ ಎಂದಿನಂತೆ ಕೇಳಿದ, "ಬಂದಿದ್ರಾ?"

"ಇಲ್ಲ" ಎಂದಳು ಯಶೋಧಾ.

ಆ ಸುಳ್ಳು ಒಂದು ವಾರಕ್ಕಿಂತ ಹೆಚ್ಚು ದಿನ ನಡೆಯಿತು. ಆ ದಿನಗಳಲ್ಲಿ ಅವಳು ಬೂತನ್ನು ಒದ್ದೆ ಬಟ್ಟೆಯಲ್ಲಿ ದಿನಾ ಒರೆಸಿದಳು. ದೇವರ ಫೋಟೋಗೆ ಹೂ ಇಟ್ಟಳು. ಹಾಸ್ಟೆಲ್ ಹುಡುಗಿಯರು ಕೇಳುತ್ತಾರೆಂದು ಬಾದಾಮಿ ಹಾಲು ತರಿಸಿದಳು. ಮನೆಯಲ್ಲಿ ಚಂದ್ರಕಲಾ ಸೋತು ಸುಣ್ಣವಾದದ್ದನ್ನು ನೋಡಿ ಹೇಳಿಬಿಡಬೇಕು ಎಂದುಕೊಳ್ಳುವಳು. ಬೆಳಗಾದರೆ ತಲೆ ಬಾಚಿಕೊಂಡು ಹೊಸ್ತಿಲಲ್ಲಿ ಕೂರುವಳು.

ಕೆಂಪಾಪುರದಲ್ಲಿ ಬೂತು ಇಟ್ಟುಕೊಂಡಿದ್ದ ಪರಿಚಯದವನೊಬ್ಬ ಮನೋಹರನಿಗೆ ಸಿಕ್ಕಿ, "ನಿಮ್ ಕಡೆಯೆಲ್ಲ ಚೆಕಿಂಗ್ ಯಾವಾಗ್ಲೋ ಮುಗೀತಲ್ಲ ಗುರು" ಎಂದ. ಮನೋಹರ ಆಫೀಸಿಗೆ ಫೋನ್ ಮಾಡಿ ಕೇಳಿದ. ಮಾರನೆಯ ದಿನ ಭಾನುವಾರ, ಕೋಳಿಸಾರು. ಎಲ್ಲರ ತಟ್ಟೆಗೂ ಬಡಿಸಿದ ಮೇಲೆ ಅವನು ಬಾಯಿಬಿಟ್ಟ.

"ನಮ್ಮನ್ನೆಲ್ಲ ಮಂಗ ಮಾಡಿದ್ಯಲ್ಲಕ್ಕ."

ಯಶೋಧಾಳಿಗೆ ಅರ್ಥವಾಯಿತು.

"ಏನಾಯ್ತೋ?" ಎಂದರು ರಾಮಲಕ್ಷ್ಮಮ್ಮ.

"ಆಫೀಸ್ನೋರು ಬಂದು, ಫೋಟೋ ತಗೊಂಡು ಹೋಗಿ ಎಷ್ಟೋ ದಿನ ಆಯ್ತಂತೆ. ಇವಳು ಹೇಳೇ ಇಲ್ಲ. ಇವಳು," ಎಂದು ಹೆಂಡತಿಯ ಕಡೆ ಕೈ ತೋರಿಸಿ, "ದಿನಾ ನಾಯಿ ಥರ ಓಡಾಡ್ತಾ ಇದ್ದಾಳೆ."

"ಹೇಳಿದ್ರೆ ಮನೇಲಿರು ಅಂತಿದ್ದೆ" ಎಂದಳು ಯಶೋಧಾ.

"ಹೌದು, ಅಂತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ಇನ್ಮೇಲೂ ನಾನೇ ಕೂತ್ಕೋತೀನಿ ಕಣೋ ಮನು. ನನಗೆ ಅಲ್ಲಿ ಚೆನ್ನಾಗಿದೆ."

"ನಾನೇನ್ ಮಾಡ್ಲಿ? ಒಂಬತ್ತು ವರ್ಷ ನಾಲ್ಕು ಗಂಟೆಗೆ ಎದ್ದಿದೀನಿ. ಜ್ವರ ಬಂದ್ರೂ ಬಾಗ್ಲು ತೆಗ್ದಿದೀನಿ. ನನಗೀಗ ಯಾರು ಕೆಲ್ಸ ಕೊಡ್ತಾರೆ? ನಿನಗೇನ್ ಕಮ್ಮಿ ಮಾಡಿದೀನಿ ಹೇಳು. ಸೀರೆನಾ, ಔಷಧೀನಾ, ಏನು?"

"ಏನೂ ಕಮ್ಮಿ ಮಾಡಿಲ್ಲಪ್ಪ."

"ಮತ್ತೆ?"

ತಾಯಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಯಶೋಧಾ, ಇಲ್ಲಿ ಕೇಳು. ಬೂತು ಸಿಕ್ಕಾಗ ನಾನೇ ಮಾತಾಡಿದ್ದು ಇದು. ಅವನು ಟೆಂಪೋ ಓಡಿಸ್ಕೊಂಡು ಏರ್‌ಪೋರ್ಟ್ ರೋಡಲ್ಲಿ ಚೆನ್ನಾಗೇ ಇದ್ದ. ಅದ್ನ ಮಾರ್ಸಿ ಬೂತಲ್ಲಿ ಕೂರ್ಸಿದ್ದು ನಾನು. ಬೂತು ನಿಂದಾಗ್ಲಿ, ಅಕ್ಕ ಕಡೇವರ್ಗೂ ನಿನ್ ಜವಾಬ್ದಾರಿ ಅಂತ ಅವನ್ ಕೈಲಿ ಮಾತು ತಗೊಂಡೆ. ನಾಳೆ ನಾನು ಕಣ್ಮುಚ್ಚಿದ್ರೆ ನಿನ್ನ ನೋಡೋರು ಯಾರು? ಅವನ್ನ ಎದ್ದೋಗು ಅಂತೀಯಲ್ಲ, ಆಮೇಲೆ ಯಾವ್ ಬಾಯಲ್ಲಿ ಅನ್ನ ಹಾಕು ಅಂತೀಯ?"

ಟೆಂಪೋ ವಿಷಯ ಯಶೋಧಾಳಿಗೆ ಗೊತ್ತಿತ್ತು. ಅದು ತನಗಾಗಿ ಮಾರಿದ್ದೆಂದು ಗೊತ್ತಿರಲಿಲ್ಲ. ಮನೋಹರ ಮುಖ ತಿರುಗಿಸಿಕೊಂಡು ನೀರು ಕುಡಿದ. ಕೋಳಿಸಾರು ಎಲ್ಲರ ತಟ್ಟೆಯಲ್ಲೂ ಆರಿ ಕೆನೆಗಟ್ಟಿತು.

ಮರುದಿನದಿಂದ ಅವಳು ಮನೆಯಲ್ಲೇ ಉಳಿದಳು. ಮತ್ತೆ ಸ್ಟೂಲಿನ ಮೇಲೆ ಕೂತು ಒಗ್ಗರಣೆ ಹಾಕಿದಳು, ಡಬ್ಬಿ ಕಟ್ಟಿದಳು. ನಸುಕಿನಲ್ಲಿ ಎಚ್ಚರವಾಗುತ್ತಿತ್ತು. ತಮ್ಮನ ಸ್ಕೂಟರು ಓಣಿ ದಾಟುವ ಸದ್ದು ಕೇಳುತ್ತಿತ್ತು. ಈಗ ಲೋಡು ಬಂದಿರುತ್ತದೆ, ಈಗ ನರ್ಸು ಬಂದಿರುತ್ತಾಳೆ, ಮುಜಫ್ಫರ್ ಒಲೆ ಹಚ್ಚಿರುತ್ತಾನೆ ಎಂದು ಮಲಗಿದಲ್ಲೇ ಒಂದೊಂದಾಗಿ ನೆನೆಯುವಳು. ಹುಳಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ನೆನಪಾಗದೆ ಎರಡು ಸಲ ಹಾಕಿದಳು. ಯಾರೂ ಬೈಯಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

"ಅಪ್ಪನ್ನ ಎಲ್ಲರೂ ಕೇಳ್ತಾರಂತೆ, ಅಕ್ಕ ಎಲ್ಲಿ ಅಂತ" ಎಂದಳು ಧನುಶ್ರೀ ಒಂದು ಸಂಜೆ.

"ಯಾರು? ಹಾಸ್ಟೆಲ್ ಹುಡುಗೀರಾ? ಏನಂದ್ರಂತೆ? ಬಾದಾಮಿ ಹಾಲು ತರಿಸ್ತಾ ಇದಾನಾ?"

"ಅದೆಲ್ಲ ನನಗೇನ್ ಗೊತ್ತತ್ತೆ."

'ಅಕ್ಕ ಎಲ್ಲಿ' ಎಂಬ ಮಾತನ್ನೇ ಯಶೋಧಾ ಇನ್ನೊಂದು ಸಲ ಹೇಳಿಸಿಕೊಂಡಳು.

ದಾರಿ ತೆರೆದವಳು ಯಾರೂ ಎಣಿಸದಿದ್ದ ಚಂದ್ರಕಲಾ. ಅವರೆಕಾಯಿ ಸುಲಿಯುತ್ತ ಇಬ್ಬರೇ ಕೂತಿದ್ದಾಗ ಅವಳು ಹೇಳಿದಳು: "ಸುಳ್ಳು ಯಾಕೆ ಹೇಳ್ಲಿ ಅಕ್ಕ. ನೀವು ಬೂತಿಗೆ ಹೋಗ್ತಿದ್ದಾಗ ನಿಮ್ಮೇಲೆ ಸಿಟ್ಟು ಬರ್ತಿತ್ತು. ಆದ್ರೆ ನೀವು ಸಂಜೆ ಕೂತು ಕತೆ ಹೇಳ್ತಿದ್ರಲ್ಲ, ಅದು ನಿಂತ್ಮೇಲೆ ಮನೆ ಬಿಕೋ ಅನ್ನುತ್ತೆ." ಇನ್ನೊಂದು ಹಿಡಿ ಅವರೆಕಾಯಿ ಎತ್ತಿಕೊಂಡು, "ನಮ್ ಸ್ಕೂಲ್ ವ್ಯಾನ್ ಡ್ರೈವರ್ ಊರಿಗೆ ಹೋಗ್ಬಿಟ್ಟ. ಬೇರೆಯೋರನ್ನ ಹುಡುಕ್ತಾವ್ರೆ" ಎಂದಳು.

ಆ ಮಾತನ್ನೇ ಊಟದ ಹೊತ್ತಿನಲ್ಲಿ ಗಂಡನಿಗೂ ಹೇಳಿದಳು. ಮನೋಹರನ ತುತ್ತು ನಿಂತಿತು.

"ಇಬ್ರೂ ಸೇರ್ಕೊಂಡು ನನ್ನ ಎಬ್ಬಿಸಕ್ಕೆ ನೋಡ್ತಾ ಇದೀರ?"

"ಡ್ರೈವಿಂಗ್ ಅಂದ್ರೆ ನಿಮಗೆ ಪ್ರಾಣ. ಈಗ್ಲೂ ದೊಡ್ಡ ಗಾಡಿ ಹೋದ್ರೆ ತಿರುಗಿ ನೋಡ್ತೀರ."

"ನನ್ನ ಪ್ರಾಣದ ವಿಷ್ಯ ನಿನಗ್ಯಾಕೆ?"

ಯಶೋಧಾ ನಡುವೆ ಬಂದಳು. "ಮನು, ನೀನು ನನ್ನ ಚೆನ್ನಾಗೇ ನೋಡ್ಕೊಂಡಿದೀಯ. ನಾನು ಅಲ್ಲ ಅಂದಿಲ್ಲ. ನನಗೆ ಅಲ್ಲಿ ಕೂರ್ಬೇಕು ಅನ್ಸುತ್ತೆ. ಬೆಳಿಗ್ಗೆ ಎದ್ರೆ ಅದೇ, ಮಲಗಿದ್ರೂ ಅದೇ. ಏನ್ ಮಾಡ್ಲಿ ಹೇಳು."

ಮನೋಹರ ಎದ್ದು ಕೈ ತೊಳೆದ. ಗೂಟದಿಂದ ಬೂತಿನ ಬೀಗದಕೈ ಗೊಂಚಲು ತೆಗೆದು ಅವಳ ಮುಂದಿನ ಚಾಪೆಯ ಮೇಲೆ ಹಾಕಿದ. "ನಿನ್ ಹೆಸರಲ್ಲಿರೋದು. ನೀನೇ ಇಟ್ಕೊ" ಎಂದು ಹೊರಗೆ ಹೋದ. ರಾಮಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಮನೆ ಮುರಿದ್ಬಿಟ್ರಿ ಕಣ್ರೇ" ಎಂದರು.

ಗೊಂಚಲನ್ನು ಯಶೋಧಾ ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಎತ್ತಿಕೊಂಡಳು.

ಓಣಿಯ ಆಟೋ ಡ್ರೈವರ್ ಯೋಗಾನಂದ ದಿನಾ ಬಿಟ್ಟು ಬರಲು ಒಪ್ಪಿದ. ಕ್ರೇಟು ಇಳಿಸಲು ಮುಜಫ್ಫರ್ ಕೈಜೋಡಿಸಿದ. ಅದಕ್ಕೆ ಬದಲಾಗಿ ಅವನ ಅಂಗಡಿಯ ಹಾಲನ್ನು ಎಲ್ಲರಿಗಿಂತ ಮೊದಲು ತೆಗೆದಿಡುತ್ತಿದ್ದಳು. ಒಬ್ಬ ಗಾರೆಯವನನ್ನು ಕರೆಸಿ ಮೆಟ್ಟಿಲ ಮೇಲೆ ಇಳಿಜಾರು ಹಾಕಿಸಿ, ಹಿಡಿದುಕೊಳ್ಳಲು ಪಕ್ಕದಲ್ಲೊಂದು ಪೈಪು ನೆಡಿಸಿದಳು. ಮಧ್ಯಾಹ್ನ ಬಾಗಿಲೆಳೆದು ಅಲ್ಲೇ ಡಬ್ಬಿ ಊಟ ಮಾಡಿ, ಸಂಜೆ ಮತ್ತೆ ತೆಗೆಯುತ್ತಿದ್ದಳು. ಬೆಳಗಿನ ಅಡಿಗೆ ಚಂದ್ರಕಲಾಳಿಗೆ, ರಾತ್ರಿಯದು ತನಗೆ ಎಂದಾಯಿತು. ತಾಯಿ ಕೆಲವು ದಿನ ಮಾತು ಬಿಟ್ಟರು. ಆಮೇಲೆ ಒಂದು ದಿನ ಯೋಗಾನಂದನ ಆಟೋದಲ್ಲೇ ಬಂದಿಳಿದು, ಒಳಗೆ ತಲೆಹಾಕಿ, "ಗಾಳಿನೇ ಇಲ್ವಲ್ಲೇ, ಎಂಗ್ ಕೂತಿರ್ತೀಯ" ಎಂದು ಬೈದು, ಒಂದು ಮೊಸರು ತಗೊಂಡು ಹೋದರು.

ಮನೋಹರ ಮಾತ್ರ ಕರಗಲಿಲ್ಲ. ವ್ಯಾನಿನ ಕೆಲಸಕ್ಕೇನೋ ಸೇರಿದ. ಮನೆಯಲ್ಲಿ ಅಕ್ಕನ ಎದುರು ಕೂರುತ್ತಿರಲಿಲ್ಲ. ತಟ್ಟೆ ತಗೊಂಡು ಟೀವಿಯ ಮುಂದೆ ಹೋಗುತ್ತಿದ್ದ. ಹೇಳಬೇಕಾದದ್ದು ಏನಾದರೂ ಇದ್ದರೆ, "ನಿಮ್ಮತ್ತೆಗೆ ಹೇಳು, ಗ್ಯಾಸ್ ಬುಕ್ ಮಾಡಿದೀನಿ" ಎಂದು ಮಗಳ ಮೂಲಕ ಹೇಳುತ್ತಿದ್ದ. ಸಂಕ್ರಾಂತಿಯ ದಿನವೂ ಅವಳು ಕೊಟ್ಟ ಎಳ್ಳುಬೆಲ್ಲವನ್ನು ಧನುಶ್ರೀಯ ಕೈಯಿಂದಲೇ ತಗೊಂಡ.

ಬೆಳಿಗ್ಗೆ ಅವನ ಹಳದಿ ವ್ಯಾನು ಬೂತಿನ ಮುಂದಿನಿಂದಲೇ ಹೋಗುತ್ತಿತ್ತು. ಆ ಹೊತ್ತಿಗೆ ಎಷ್ಟೇ ಜನವಿದ್ದರೂ ಯಶೋಧಾಳ ಕಣ್ಣು ಅವರ ಹೆಗಲುಗಳ ಸಂದಿನಿಂದ ರಸ್ತೆಗೆ ಹೋಗುತ್ತಿತ್ತು. ಕಿಟಕಿಯಲ್ಲಿ ಅವನ ಒಂದು ಕೆನ್ನೆ ಕಂಡು ಮರೆಯಾಗುವುದು. ಒಂಬತ್ತು ವರ್ಷ ಅಡುಗೆಮನೆಯಲ್ಲಿ ಕೂತು ಈ ಬೂತನ್ನು ಅವಳು ಎಂದೂ ಹೀಗೆ ಬಯಸಿರಲಿಲ್ಲ. ಒಂದು ಸಲ ಕೂತ ಮೇಲೆ ಬೇರೆ ಏನೂ ಬೇಡವಾಗಿತ್ತು. ಈಗ ಇಲ್ಲಿ ಕೂತರೆ, ತಮ್ಮ ಎದುರು ಕೂತು ಮುದ್ದೆ ಮುರಿಯುತ್ತ "ಸಾರಿಗೆ ಉಪ್ಪು ಜಾಸ್ತಿ ಆಯ್ತಕ್ಕ" ಎನ್ನುವುದೇ ಬೇಕೆನಿಸುತ್ತಿತ್ತು.

ಒಂದು ಬೆಳಿಗ್ಗೆ ವ್ಯಾನು ನಿಂತಿತು. ಒಳಗೆ ಪುಟ್ಟ ಹುಡುಗಿಯೊಬ್ಬಳು ವಾಂತಿ ಮಾಡಿಕೊಂಡಿದ್ದಳು. ಮನೋಹರ ಇಳಿದು ಸರಸರನೆ ಕಟ್ಟೆಯ ಮುಂದೆ ಬಂದು ನಿಂತ. ಗಿರಾಕಿಗಳು ನಿಲ್ಲುವ ಜಾಗದಲ್ಲಿ ಅವನನ್ನು ಅವಳು ನೋಡಿದ್ದು ಅದೇ ಮೊದಲು.

"ಒಂದು ನೀರಿನ ಬಾಟ್ಲು."

ಕೊಟ್ಟಳು. ಅವನು ಮಗುವಿನ ಮುಖ ತೊಳೆದು, ಸೀಟು ತೊಳೆದು, ಕೈ ಒರೆಸಿಕೊಳ್ಳುತ್ತ ದುಡ್ಡು ಕೊಡಲು ಬಂದ. ಬಂದವನ ಕಣ್ಣು ಅವಳ ಹೆಗಲಾಚೆ ಒಳಗೆಲ್ಲ ಓಡಾಡಿತು.

"ಮೊಸರು ಕೆಳಗಿಟ್ಟಿದೀಯ."

"ಮೇಲಿಟ್ರೆ ನನಗೆ ಎಟಕಲ್ಲ."

"ಕೆಳಗಿಟ್ರೆ ಇಲಿ ಬರುತ್ತೆ."

"ಬಂದಿತ್ತು. ಈಗ ಮೇಲೆ ತಟ್ಟೆ ಮುಚ್ಚಿ ಕಲ್ಲು ಹೇರಿದೀನಿ."

ಅವನು ತಲೆಯಾಡಿಸಿದ. "ಲೋಡ್ನೋನು ಒಡ್ದಿರೋ ಪ್ಯಾಕೆಟ್ ವಾಪಸ್ ತಗೋತಾನಾ?"

"ಮೊದ್ಲು ತಗೋತಿರ್ಲಿಲ್ಲ. ಗಾಡಿ ಮುಂದೆ ಹೋಗಿ ನಿಂತ್ಕೊಂಡೆ. ಈಗ ತಗೋತಾನೆ."

"ನನ್ನತ್ರ ತಗೋತಾನೇ ಇರ್ಲಿಲ್ಲ, ನನ್ಮಗ" ಎಂದ ಮನೋಹರ. ಅವನ ಮುಖದಲ್ಲಿ ನಗು ಬಂದು ಹೋದದ್ದು ಅವಳಿಗೆ ಕಾಣಿಸಿತು. "ಬೇಸಿಗೇಲಿ ಮಜ್ಜಿಗೆ ಜಾಸ್ತಿ ಹೇಳು. ಮಾರ್ಚ್ ಬಂದ್ರೆ ಸಾಕು, ಸಾಲ್ದೇ ಹೋಗುತ್ತೆ."

"ಎಷ್ಟು ಹೇಳ್ಲಿ?"

"ಈಗ ಹೇಳೋದ್ರ ಎರಡರಷ್ಟು."

ಅವನ ಹಿಂದೆ ಕೈಚೀಲ ಹಿಡಿದ ಹೆಂಗಸೊಬ್ಬಳು ಬಂದು ನಿಂತಳು. ವ್ಯಾನಿನಿಂದ ಮಕ್ಕಳು "ಅಂಕಲ್, ಬೆಲ್ ಆಗ್ಬಿಡುತ್ತೆ" ಎಂದು ಕೂಗಿದವು. ಮನೋಹರ ನೋಟನ್ನು ಕಟ್ಟೆಯ ಮೇಲಿಟ್ಟ. ಬೇಡ ಎನ್ನಲು ಯಶೋಧಾ ಬಾಯಿ ತೆರೆದಳು. ಅವನ ಮುಖ ನೋಡಿ ಸುಮ್ಮನೆ ಚಿಲ್ಲರೆ ಎಣಿಸಿ ಕೊಟ್ಟಳು. ಅವನು ಅದನ್ನು ಜೇಬಿಗೆ ಹಾಕಿಕೊಂಡು, "ಬರ್ತೀನಕ್ಕ" ಎಂದು ಹೊರಟ.

ಬಾಗಿಲು ಹಾಕಿದ ಸದ್ದಾಯಿತು. ಎಂಜಿನ್ ಶುರುವಾಯಿತು. ಯಶೋಧಾ ಕಟ್ಟೆಗೆ ಎರಡೂ ಕೈ ಊರಿ, ಅರ್ಧ ಎದ್ದು, "ಮನು, ಇವತ್ತು ಜೊತೇಲಿ ಊಟ ಮಾಡಣ ಕಣೋ" ಎಂದಳು. ಅದು ಎಂಜಿನ್ನಿನ ಸದ್ದು ದಾಟಿ ಅವನನ್ನು ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ವ್ಯಾನು ನಿಧಾನವಾಗಿ ನ್ಯೂಟೌನ್ ಕಡೆಗೆ ತಿರುಗಿತು.

"ಅಕ್ಕ, ಅರ್ಧ ಲೀಟರು, ನೀಲಿ" ಎಂದಳು ಕೈಚೀಲದ ಹೆಂಗಸು.

ಯಶೋಧಾ ಪ್ಯಾಕೆಟ್ ತೆಗೆದು ಅವಳ ಕೈಗಿಟ್ಟಳು. ಕಣ್ಣು ಮಾತ್ರ ತಿರುವಿನಲ್ಲೇ ಇತ್ತು.